ಹೊಳೆಮ್ಮನ ತುಕ್ಕಿನ ಪಾಠ

ಹೊಸಪೇಟೆ
22-6-2024

ಕಂಪ್ಲಿಯ ಚಿಕ್ಕಮ್ಮನವರಿಗೆ ಶೈಲಜಾಳ ಶರಣು.

ಫೋನ್ ಎತ್ತುವುದಿಲ್ಲ ಎಂದಿರಿ, ಎತ್ತಲಿಲ್ಲ. "ಹೇಳೋದಿದ್ರ ಕಾಗದದಾಗ ಬರದು ಹೇಳು ಅನ್ನು. ಕನ್ನಡ ಇನ್ನೂ ಬರತೈತೋ ಇಲ್ಲೋ ನೋಡೂಣು" ಎಂದು ನಿಮ್ಮ ಮಗ ಮುರುಗೇಶಣ್ಣನ ಕೈಲಿ ಹೇಳಿ ಕಳಿಸಿದಿರಿ. ಬರೆಯುತ್ತಿದ್ದೇನೆ. ನನಗೆ ಅಕ್ಷರ ತಿದ್ದಿಸಿದವರು ನೀವೇ ಆದ್ದರಿಂದ ತಪ್ಪು ಸಿಕ್ಕರೆ ಅರ್ಧ ಪಾಲು ನಿಮ್ಮದು.

ನಮ್ಮ ಬಳಗದ ಲಿಂಗರಾಜನ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತು, ಎಲ್ಲರೂ ಕೇಳುವಂತೆ, "ಮಕ್ಳ ಬಾಯಿ ಹೊಲಿಯಾಕ ಸರ್ಕಾರದೋರು ಇಕಿ ಕೈಯಾಗ ಸೂಜಿ ದಾರ ಕೊಟ್ಟಾರ" ಎಂದಿರಿ. ನನಗೆ ತುಂಬಾ ನೋವಾಯಿತು. ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಆದರೆ ನಾನು ಏನು ಮಾಡಲು ಹೊರಟಿದ್ದೇನೆ ಎಂದು ನೀವು ಕೇಳಲೇ ಇಲ್ಲ.

ವಿಷಯ ಇಷ್ಟು. ಕುರೆಕುಪ್ಪದ ನಮ್ಮ ಶಾಲೆಯಲ್ಲಿ ಈ ವರ್ಷ ಐದನೇ ತರಗತಿಗೆ ಎರಡು ವಿಭಾಗ. ಒಂದು ಮೊದಲಿನಂತೆ ಪೂರ್ತಿ ಕನ್ನಡದ್ದು. ಇನ್ನೊಂದರಲ್ಲಿ ವಿಜ್ಞಾನ ಮತ್ತು ಗಣಿತ ಮಾತ್ರ ಇಂಗ್ಲಿಷಿನಲ್ಲಿ. ಎ ಬಿ ಸಿ ಡಿ ಉರು ಹೊಡೆಸಿ ಇಂಗ್ಲಿಷ್ ಕಲಿಸುವ ಬದಲು, ವಿಜ್ಞಾನ ಕಲಿಸುತ್ತಲೇ ಅದರ ಬೆನ್ನಿಗೆ ಭಾಷೆಯನ್ನೂ ಕಲಿಸುವುದು. ಆ ವಿಭಾಗ ನನ್ನದು. ಮಕ್ಕಳೆಲ್ಲ ಉಕ್ಕಿನ ಕಾರ್ಖಾನೆಯ ಗುತ್ತಿಗೆ ಕೆಲಸಗಾರರ ಮನೆಯವರು. ಕಾನ್ವೆಂಟಿಗೆ ಕಳಿಸಲು ಕೈ ಸಾಲದವರು, ಸಾಲ ಮಾಡಿಯಾದರೂ ಕಳಿಸಿಯೇವು ಎನ್ನುವವರು. ಅವರಲ್ಲಿ ಹೊಳೆಮ್ಮ ಎಂಬ ಹುಡುಗಿ ಇದ್ದಾಳೆ. ಮುತ್ತಜ್ಜಿಯ ಹೆಸರಂತೆ. ಮಾತಿನ ಮಲ್ಲಿ. ಈ ವರ್ಷ ಮುಗಿಯುವುದರೊಳಗೆ ಅವಳು ಇಂಗ್ಲಿಷಿನಲ್ಲೂ ಹೀಗೇ ನನ್ನ ತಲೆ ತಿನ್ನುವಂತೆ ಮಾಡುತ್ತೇನೆ. ಇದಕ್ಕೆಂದೇ ನಮಗೆ ಕೊಟ್ಟ ತರಬೇತಿಯಲ್ಲಿ ಹೇಳಿದಂತೆ, ವಿಜ್ಞಾನದ ಪಿರಿಯಡ್‌ನಲ್ಲಿ ಕನ್ನಡ ಇಲ್ಲವೇ ಇಲ್ಲ ಎಂದು ನಿಯಮ ಮಾಡಿದ್ದೇನೆ.

ನನಗೆ ಧೈರ್ಯವಿದೆ. ನಿಮ್ಮ ಆಶೀರ್ವಾದವೂ ಇದ್ದಿದ್ದರೆ ಚೆನ್ನಾಗಿತ್ತು.

ನಿಮ್ಮ
ಶೈಲಜಾ


ಕಂಪ್ಲಿ
3-7-2024

ಚಿರಂಜೀವಿ ಶೈಲಜಾಗೆ ಮರುಳಸಿದ್ದಮ್ಮನ ಆಶೀರ್ವಾದ. ಆಶೀರ್ವಾದ ನಿನಗೆ, ನಿನ್ನ ವಿಭಾಗಕ್ಕಲ್ಲ.

ಕಾಗದ ಓದಿದೆ. ಕನ್ನಡ ಇನ್ನೂ ಬರುತ್ತದೆ, ಸಂತೋಷ. ಬರಹ ಮಾತ್ರ ಬಸ್ಸಿನಲ್ಲಿ ಕೂತು ಬರೆದಂತಿದೆ.

ಹೋಳಿಗೆ ಬಿಟ್ಟು ಎದ್ದದ್ದನ್ನು ನಾನೂ ನೋಡಿದೆ. ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಸೀಮೆಸುಣ್ಣ ಹಿಡಿದವಳು ನಾನು. ಮಗು ಮಾತಾಡುತ್ತಾ ಮಾತಾಡುತ್ತಾ ಯೋಚಿಸುತ್ತದೆ. ಬಾಯಿ ಕಟ್ಟಿದರೆ ಯೋಚನೆಯೂ ಕಟ್ಟಿಹೋಗುತ್ತದೆ. ವಿಜ್ಞಾನವೇ ಮಕ್ಕಳಿಗೆ ಕಬ್ಬಿಣದ ಕಡಲೆ, ಅದರ ಮೇಲೆ ಇಂಗ್ಲಿಷಿನ ಪಾಕ ಬೇರೆ ಹಾಕಿ ಅಗಿಯಿರಿ ಎನ್ನುತ್ತೀಯ. ನಿನ್ನ ತರಬೇತಿಯವರು ಹಲ್ಲು ಹೋದರೆ ಬರುತ್ತಾರೆಯೇ?

ನಿನ್ನ ಮಾತಿನ ಮಲ್ಲಿಯನ್ನು ನೆನೆದು ಮರುಕವಾಯಿತು. ಅವಳ ಮೇಲೆ ಒಂದು ಕಣ್ಣಿಟ್ಟಿರು. ಕ್ಲಾಸಿನಲ್ಲಿ ಅವಳು ಸುಮ್ಮನಾದ ದಿನ ನನಗೆ ಬರೆ.

ಮುರುಗೇಶನ ಅಕ್ಕಿ ಗಿರಣಿಗೆ ಹೊಸ ಮೋಟರ್ ಬಂದಿದೆ. ಮೊದಲಿನದಕ್ಕಿಂತ ಸದ್ದು ಹೆಚ್ಚು, ಕೆಲಸ ಅಷ್ಟೇ. ಬೇಕೆಂದೇ ಬರೆದೆ.

ಇತಿ,
ಮರುಳಸಿದ್ದಮ್ಮ


ಹೊಸಪೇಟೆ
18-8-2024

ಚಿಕ್ಕಮ್ಮನವರಿಗೆ ಶರಣು.

ಅವಳು ಸುಮ್ಮನಾದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಯಸ್ಕಾಂತದ ಪಾಠವಿತ್ತು. ಬೋರ್ಡಿನ ಮೇಲೆ ಎರಡು ಸಾಲು ಮಾಡಿದ್ದೆ, ಅಯಸ್ಕಾಂತಕ್ಕೆ ಅಂಟುವುದು ಒಂದು ಕಡೆ, ಅಂಟದ್ದು ಇನ್ನೊಂದು ಕಡೆ. ಮೊಳೆ, ಗುಂಡುಪಿನ್ನು ಅಂಟುವ ಸಾಲಿಗೆ ಹೋದವು. ಸೀಮೆಸುಣ್ಣ, ರಬ್ಬರು, ಕಡ್ಡಿ, ಮಣ್ಣು ಅಂಟದ ಸಾಲಿಗೆ. ಕೈಪಿಡಿಯಲ್ಲಿ ಹಾಗೇ ಇದೆ. ಹೊಳೆಮ್ಮ ಎದ್ದು ನಿಂತು "ಟೀಚರ್, ಮಣ್ಣು" ಎಂದಳು. ನಾನು "ಇನ್ ಇಂಗ್ಲಿಷ್, ಹೊಳೆಮ್ಮ" ಎಂದೆ. ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಕೂತಳು. ಶಿಸ್ತು ಬಂತು ಎಂದುಕೊಂಡು ನಾನು ಪಾಠ ಮುಂದುವರಿಸಿದೆ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಮಕ್ಕಳ ಗುಂಪು ಸೇರಿತ್ತು. ನಡುವೆ ಹೊಳೆಮ್ಮ ಕುಕ್ಕರುಗಾಲಲ್ಲಿ ಕೂತು ಅಂಗಳದ ಮಣ್ಣಿನಲ್ಲಿ ಅಯಸ್ಕಾಂತ ಆಡಿಸುತ್ತಿದ್ದಳು. ಎತ್ತಿದರೆ ಅದಕ್ಕೆ ಗಡ್ಡ ಬಂದಂತೆ ಮಣ್ಣು ಹತ್ತಿತ್ತು. "ಟೀಚರ್ ತಪ್ಪು ಹೇಳ್ಯಾರ. ಬ್ಯಾರೆ ಊರಾಗಿನ ಮಣ್ಣು ಹತ್ತಂಗಿಲ್ಲೇನೋ. ನಮ್ಮೂರಾಗ ಅದಿರಿನ ಲಾರಿ ಓಡಾಡ್ತಾವಲ್ಲ, ಅದರ ಪುಡಿ ಬೀಳತೈತಿ, ಅದಕ್ಕ ಹತ್ತತೈತಿ" ಎಂದು ಎಲ್ಲರಿಗೂ ಪಾಠ ಮಾಡುತ್ತಿದ್ದಳು. ನನ್ನನ್ನು ನೋಡಿ ಅಯಸ್ಕಾಂತವನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಚಿಕ್ಕಮ್ಮ, ಸಂಡೂರಿನ ಅದಿರು ನಮ್ಮ ಶಾಲೆಯ ಮುಂದೆಯೇ ಹಾದುಹೋಗುತ್ತದೆ, ದಿನಾ ಬಸ್ಸಿಳಿದು ಸೀರೆಯ ಅಂಚಿನ ಕೆಂಪು ಧೂಳು ಕೊಡವಿಕೊಂಡೇ ನಾನು ಕ್ಲಾಸಿಗೆ ಹೋಗುತ್ತೇನೆ. ಆದರೂ ಪುಸ್ತಕ ಹೇಳಿದ್ದನ್ನೇ ಬರೆದೆ. ಅದು ಹೋಗಲಿ. ಅವಳಿಗೆ ಉತ್ತರ ಗೊತ್ತಿತ್ತು, ಕಾರಣವೂ ಗೊತ್ತಿತ್ತು. ನಾನು ಹೇಳಲು ಬಿಡಲಿಲ್ಲ. ಮನೆಗೆ ಬಂದು ಅತ್ತೆ.

ಗೆದ್ದಿರಿ ಎಂದು ಬೀಗಬೇಡಿ. ವಿಭಾಗವನ್ನು ನಾನು ಬಿಡುವುದಿಲ್ಲ. ನನಗೆ ಒಂದು ವಿಷಯ ಹೇಳಿ. ಕಂಪ್ಲಿ ಪಕ್ಕದಲ್ಲಿ, ಗದ್ದೆ ಮಾಡಲು ಬಂದು ನೆಲೆಸಿದ ಆಂಧ್ರದವರ ಕ್ಯಾಂಪಿನ ಶಾಲೆಯಲ್ಲಿ ನೀವು ಎಷ್ಟೋ ವರ್ಷ ಇದ್ದಿರಿ. ಒಂದಕ್ಷರ ಕನ್ನಡ ಬಾರದ ತೆಲುಗು ಮಕ್ಕಳು ನಿಮ್ಮ ಹತ್ತಿರ ಕನ್ನಡದಲ್ಲಿ ಲೆಕ್ಕ ಮಾಡುತ್ತಿದ್ದುದನ್ನು, ರಜೆಗೆ ಬಂದಾಗ ನಾನೇ ಕಣ್ಣಾರೆ ನೋಡಿದ್ದೇನೆ. ಅದನ್ನು ಹೇಗೆ ಮಾಡಿದಿರಿ?

ಉತ್ತರಕ್ಕೆ ಕಾಯುತ್ತಿರುವ,
ಶೈಲಜಾ


ಕಂಪ್ಲಿ
27-8-2024

ಶೈಲಜಾ,

ಬೀಗುವುದಿಲ್ಲ. ನೀನು ಅತ್ತದ್ದು ಓದಿ ನನಗೂ ಕಣ್ಣು ಒದ್ದೆಯಾಯಿತು. ಅಳುವ ಮೇಷ್ಟರ ಕೈಯಲ್ಲಿ ಮಕ್ಕಳು ಬದುಕಿಕೊಳ್ಳುತ್ತವೆ.

ಕ್ಯಾಂಪಿಗೆ ಹೋದ ಹೊಸದರಲ್ಲಿ ನಾನೂ ನಿನ್ನಂತೆಯೇ ಬೋರ್ಡಿಗೆ ತಲೆ ಬಡಿದುಕೊಂಡೆ. ಮಕ್ಕಳು ಪಿಳಿಪಿಳಿ ನೋಡುತ್ತಿದ್ದವು. ಶಾಲೆಯ ಹಿಂದೆ ನಾಟಿ ನಡೆಯುತ್ತಿತ್ತು, ಕಿಟಕಿಯಾಚೆ ಅವರ ಅವ್ವಂದಿರು. ಒಂದು ದಿನ ಬೇಸರವಾಗಿ ಎಲ್ಲರನ್ನೂ ಗದ್ದೆಯ ಬದುವಿಗೆ ಕರೆದುಕೊಂಡು ಹೋದೆ. ಅಲ್ಲಿ ನೋಡಬೇಕಿತ್ತು. ಸಾಲಿಗೆ ಎಷ್ಟು ಸಸಿ, ಮಡಿಗೆ ಎಷ್ಟು ಕಟ್ಟು, ನೀರು ಯಾವ ಕಡೆಯಿಂದ ಬರುತ್ತದೆ, ಎಲ್ಲವನ್ನೂ ತೆಲುಗಿನಲ್ಲಿ ಹೇಳಿದ್ದೇ ಹೇಳಿದ್ದು. ನನಗೆ ಅರ್ಧಂಬರ್ಧ ತಿಳಿಯಿತು. ಅವರು ಹೇಳಿ ಮುಗಿಸುವವರೆಗೂ ಕೇಳಿದೆ. ಆಮೇಲೆ ಅದನ್ನೇ ನಾನು ಕನ್ನಡದಲ್ಲಿ ಹೇಳಿದೆ. ಅವರೂ ಹೇಳಿದರು. ಸಂಕ್ರಾಂತಿಯ ಹೊತ್ತಿಗೆ ನನ್ನನ್ನೇ ತಿದ್ದುವಷ್ಟು ಕನ್ನಡ ಬಂದಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಇಷ್ಟೇ ಕಣೇ. ಗೊತ್ತಿರುವುದನ್ನು ಮೊದಲು ಅವರ ಮಾತಿನಲ್ಲಿ ಹೇಳಲಿ. ಪೂರ್ತಿ ಹೇಳಲಿ. ಆಮೇಲೆ ನಿನ್ನ ಭಾಷೆ ಕೊಡು.

ಇದನ್ನು ಓದಿ "ಹಾಗಾದರೆ ನೀವು ಮಾಡಿದ್ದೂ ಅದೇ ಅಲ್ಲವೇ" ಎಂದು ಬರೆಯಲು ಪೆನ್ನು ತೆಗೆಯುತ್ತೀಯ, ಗೊತ್ತು. ತೆಗೆಯಬೇಡ. ಆ ಮಕ್ಕಳಿಗೆ ಅಂಗಡಿಯಲ್ಲಿ, ಬಸ್ಸಿನಲ್ಲಿ, ತಾಲೂಕು ಕಚೇರಿಯಲ್ಲಿ ಕನ್ನಡವೇ ಬೇಕಿತ್ತು. ಕುರೆಕುಪ್ಪದ ಬೀದಿಯಲ್ಲಿ ಇಂಗ್ಲಿಷ್ ಯಾರಿಗೆ ಬೇಕು?

ಸರಿಯಾಗಿ ಊಟ ಮಾಡು.

ಮರುಳಸಿದ್ದಮ್ಮ


ಹೊಸಪೇಟೆ
24-11-2024

ಚಿಕ್ಕಮ್ಮನವರಿಗೆ ಶರಣು.

ಮೂರು ತಿಂಗಳು ಬರೆಯಲಿಲ್ಲ. ಕೆಲಸ ಅಷ್ಟಿತ್ತು, ಸುಖವೂ ಇತ್ತು.

ಹಳೆಯ ನಿಯಮ ಕಿತ್ತು ಹಾಕಿದೆ. ಮೊದಲು ಮಕ್ಕಳು ವಸ್ತುವನ್ನು ಮುಟ್ಟಿ, ಮೂಸಿ, ಜಗಳಾಡಿ ಕನ್ನಡದಲ್ಲಿ ಹೇಳುತ್ತಾರೆ. ಆಮೇಲೆ ಎಲ್ಲರೂ ಸೇರಿ ಅದನ್ನೇ ಇಂಗ್ಲಿಷಿನಲ್ಲಿ ಕಟ್ಟುತ್ತೇವೆ. ಸಣ್ಣ ಸಣ್ಣ ವಾಕ್ಯ, ಆದರೆ ಅವರದೇ ವಾಕ್ಯ. ಹೊಳೆಮ್ಮ ಮತ್ತೆ ತಲೆ ತಿನ್ನಲು ಶುರು ಮಾಡಿದ್ದಾಳೆ. ಮೊನ್ನೆ "ವೈ ಟೀಚರ್, ವೈ?" ಎಂದು ನನ್ನ ಹಿಂದೆಯೇ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ನನಗೆ ಇಷ್ಟು ವರ್ಷದಲ್ಲಿ ಇಂಥ ಕ್ಲಾಸು ಸಿಕ್ಕಿರಲಿಲ್ಲ ಚಿಕ್ಕಮ್ಮ. ಹೆಮ್ಮೆಯಿಂದಲೇ ಹೇಳುತ್ತೇನೆ.

ಈಗ ತೊಂದರೆ ಬಂದಿರುವುದು ಮನೆಯವರಿಂದ. ಕ್ಲಾಸಿನಲ್ಲಿ ಕನ್ನಡ ಕೇಳಿಸುತ್ತದಂತೆ. ಹೊಳೆಮ್ಮನ ಅಪ್ಪ ಪಾಲಯ್ಯ ಕಾರ್ಖಾನೆಯಲ್ಲಿ ಪೇಂಟಿಂಗ್ ವಿಭಾಗದವನು. ಶಿಫ್ಟ್ ಮುಗಿಸಿ ಹೆಲ್ಮೆಟ್ಟು ಕೈಯಲ್ಲಿ ಹಿಡಿದೇ ಬಂದ. "ಟೀಚರ್, ತಪ್ಪು ತಿಳಕಾಬ್ಯಾಡ್ರಿ. ನಾವು ಇಂಗ್ಲಿಷಿಗಂತ ಹಾಕೀವಿ. ಕಾನ್ವೆಂಟ್ ಹುಡುಗ್ರು ಪಟಪಟ ಪದ್ಯ ಹೇಳ್ತಾವ. ನಮ್ಮಾಕಿ ಮನಿಗ್ ಬಂದು ಮಣ್ಣು, ಮೊಳಿ ಅಂತಾಳ. ಮುಂದಿನ ವರ್ಷಕ್ಕ ತೋರಣಗಲ್ಲಿನ ಕಾನ್ವೆಂಟಿಗೆ ಹಾಕಬೇಕಂತ ಮಾಡೀನಿ" ಎಂದ.

ಏನು ಕೆಲಸ ನಿಮ್ಮದು ಎಂದು ಕೇಳಿದೆ. "ಸ್ಟ್ರಕ್ಚರ್ ಬಂದ್ ಮ್ಯಾಲೆ ಮೊದಲು ಗ್ರೈಂಡಿಂಗ್ ರಿ. ಆಮ್ಯಾಲೆ ಪ್ರೈಮರ್ ಒಂದು ಕೋಟ್, ಪೇಂಟ್ ಎರಡು ಕೋಟ್. ಇನ್ಸ್‌ಪೆಕ್ಷನ್ ಓಕೆ ಆದ್ರ ಮುಗೀತು" ಎಂದ. ಇಷ್ಟು ಇಂಗ್ಲಿಷ್ ಎಲ್ಲಿ ಕಲಿತಿರಿ ಎಂದೆ. ನಕ್ಕ. "ಕಲಿಯೋದೇನ್ ಬಂತು ಟೀಚರ್, ಕೆಲಸ ಮಾಡ್ತಾ ಮಾಡ್ತಾ ಬಂತು." ನಾನು ನಿಮ್ಮ ಮಗಳಿಗೆ ಮಾಡಿಸುತ್ತಿರುವುದೂ ಅದನ್ನೇ ಎಂದೆ. ತಲೆ ಕೆರೆದುಕೊಂಡ, ಒಪ್ಪಲಿಲ್ಲ. ಅವನ ಹಿಂದೆ ಇನ್ನೂ ಹತ್ತಾರು ಮನೆಯವರಿದ್ದಾರೆ.

ಕುರೆಕುಪ್ಪದಲ್ಲಿ ಇಂಗ್ಲಿಷ್ ಯಾರಿಗೆ ಬೇಕು ಎಂದು ಕೇಳಿದ್ದಿರಲ್ಲ. ಇಲ್ಲಿ ಗಂಡಸರು ಬೆಳಗಾದರೆ ಅದರೊಳಗೇ ಹೋಗಿ, ಸಂಜೆ ಅದರೊಳಗಿಂದಲೇ ಬರುತ್ತಾರೆ. ಅಪಾಯ ಎಂದು ಬರೆದ ಬೋರ್ಡು ಕೂಡ ಎಷ್ಟೋ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ. ಓದಲು ಬಾರದೆ ಕೈ ಕಳೆದುಕೊಂಡವನ ಮಗನೂ ನನ್ನ ಕ್ಲಾಸಿನಲ್ಲಿದ್ದಾನೆ.

ಹೆಡ್ಮಾಸ್ಟರ್ ಅಂದಾನಪ್ಪ ಸರ್ ಫೆಬ್ರುವರಿ ಎಂಟಕ್ಕೆ ಮನೆಯವರ ಸಭೆ ಕರೆದಿದ್ದಾರೆ. ಅಂದು ಹೆಚ್ಚಿನವರು ಬಿಡಿಸುತ್ತೇವೆ ಎಂದರೆ ವಿಭಾಗ ಮುಚ್ಚುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. ನೀವು ಬನ್ನಿ. ನನ್ನ ಪರ ಮಾತಾಡಬೇಡಿ, ಸುಮ್ಮನೆ ಬಂದು ಮಕ್ಕಳನ್ನು ನೋಡಿ. ನೀವು ನೋಡದೆಯೇ ಇದು ಮುಗಿದುಹೋದರೆ ನನಗೆ ಸಮಾಧಾನವಾಗುವುದಿಲ್ಲ.

ಶೈಲಜಾ


ಕಂಪ್ಲಿ
12-1-2025

ಶೈಲಜಾ,

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಎರಡು ಸಲ ಬರೆದು ಹರಿದೆ.

ನಾನು ಬರುವುದಿಲ್ಲ. ಮೊಣಕಾಲು ನೋವು, ಕಂಪ್ಲಿಯಿಂದ ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಗಾದಿಗನೂರು ದಾಟಿ ಇನ್ನೊಂದು. ಬಂದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ, ಅದು ನಿನಗೆ ಒಳ್ಳೆಯದಲ್ಲ. ಅಪಾಯದ ಬೋರ್ಡಿನ ವಿಷಯವನ್ನು ಮತ್ತೆ ಮತ್ತೆ ಓದಿದೆ. ಆದರೂ ನನ್ನ ಮನಸ್ಸು ಬದಲಾಗಿಲ್ಲ.

ಸಭೆ ಬೆಳಿಗ್ಗೆಯೋ ಮಧ್ಯಾಹ್ನವೋ ನೀನು ಬರೆದಿಲ್ಲ. ದಿನ ಬರೆದ ಮೇಲೆ ಹೊತ್ತನ್ನೂ ಬರೆಯಬೇಕು, ಅಷ್ಟೂ ಗೊತ್ತಾಗುವುದಿಲ್ಲವೇ?

ಇತಿ,
ಮರುಳಸಿದ್ದಮ್ಮ


ಹೊಸಪೇಟೆ
9-2-2025

ಚಿಕ್ಕಮ್ಮನವರಿಗೆ,

ಹೇಳದೆ ಬಂದಿರಿ, ಹೇಳದೆ ಹೋದಿರಿ. ಹೀಗೂ ಮಾಡುವುದುಂಟೇ?

ನಿನ್ನೆ ಸಭೆಯಲ್ಲಿ ಮಕ್ಕಳು ಮನೆಯವರಿಗೆ ತುಕ್ಕಿನ ಪಾಠ ಮಾಡಿ ತೋರಿಸುವಾಗ ನನಗೆ ಮೊಳೆಯ ಬಾಟಲಿ ಜೋಡಿಸುವ ಗಡಿಬಿಡಿ, ಹಿಂದಿನ ಬೆಂಚಿನಲ್ಲಿ ಯಾರು ಕೂತಿದ್ದಾರೆ ಎಂದು ನೋಡಲಿಲ್ಲ. ಪಾಠ ಮುಗಿದ ಮೇಲೆ ಅಂದಾನಪ್ಪ ಸರ್, "ಶೈಲಜಾ ಮೇಡಂ, ನೀವು ಸ್ವಲ್ಪ ಹೊರಗ ಕುಂದ್ರಿ. ನೀವಿದ್ರ ಮನಿಯೋರು ಮನಸು ಬಿಚ್ಚಿ ಮಾತಾಡಂಗಿಲ್ಲ" ಎಂದರು. ಹೊರಗೆ ಬಂದು ಕಿಟಕಿಯಲ್ಲಿ ನೋಡಿದರೆ ನೀವು. ಹೊಳೆಮ್ಮನ ಅಜ್ಜಿ ದುರ್ಗಕ್ಕನ ಪಕ್ಕದಲ್ಲಿ ಕೂತು ಎಲೆ ಅಡಿಕೆ ಹಂಚಿಕೊಳ್ಳುತ್ತಿದ್ದಿರಿ. ನನಗಾದದ್ದು ಸಂತೋಷವೋ ಹೆದರಿಕೆಯೋ ಈಗಲೂ ಹೇಳಲಾರೆ.

ಬಿಸಿಯೂಟದ ಕೋಣೆಯಲ್ಲಿ ಕೂತಿದ್ದೆ. ಒಳಗಿನ ಮಾತು ತಿಳಿಯುವಂತೆ ಕೇಳಿಸಲಿಲ್ಲ. ಪಾಲಯ್ಯನ ದನಿ ಒಮ್ಮೆ ಏರಿತು. ವಿಭಾಗ ಹೋಯಿತು ಎಂದೇ ಅಂದುಕೊಂಡೆ. ಹೊಳೆಮ್ಮನಿಗೆ ಕಾನ್ವೆಂಟಿನಲ್ಲಿ ಯಾರು "ವೈ" ಎನ್ನಲು ಬಿಡುತ್ತಾರೆ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಎಲ್ಲರೂ ಹೊರಗೆ ಬಂದರು. ಪಾಲಯ್ಯ ನನ್ನೆದುರು ನಿಂತು ಕೈ ಮುಗಿದ. ಅಂದಾನಪ್ಪ ಸರ್, "ಒಬ್ರೂ ಬಿಡಸಂಗಿಲ್ಲ ಮೇಡಂ. ಮುಂದಿನ ವರ್ಷ ಆರನೇ ಕ್ಲಾಸಿಗೂ ನೀವೇ ಬೇಕಂತ" ಎಂದರು. ಹೇಗೆ ಸರ್ ಎಂದೆ. "ಕಂಪ್ಲಿ ಟೀಚರಮ್ಮ ಒಂದು ಮಾತು ಅಂದ್ರು ನೋಡ್ರಿ, ಅಲ್ಲಿಗೆ ಮುಗೀತು. ಏನಂತ ನಾ ಹೇಳಂಗಿಲ್ಲ, ಅವರನ್ನ ಕೇಳ್ರಿ" ಎಂದು ನಕ್ಕರು. ನಾನು ಗೇಟಿಗೆ ಓಡುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿತ್ತು.

ಏನು ಹೇಳಿದಿರಿ? ಬರೆಯದಿದ್ದರೆ ಮುಂದಿನ ಭಾನುವಾರ ಕಂಪ್ಲಿಗೇ ಬಂದು ಬಾಗಿಲಲ್ಲಿ ಕೂರುತ್ತೇನೆ.

ಶೈಲಜಾ


ಕಂಪ್ಲಿ
13-2-2025

ಶೈಲಜಾಗೆ,

ಭಾನುವಾರ ಹೇಗೂ ಬಾ. ಬರುವಾಗ ಹೊಸಪೇಟೆಯಿಂದ ಒಳ್ಳೆಯ ಎಲೆ ತಾ. ಇಲ್ಲಿಯದು ಕಡ್ಡಿ ಕಡ್ಡಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಬಸ್ಸು ಹತ್ತಿದ್ದು ನಿನ್ನನ್ನು ಉಳಿಸಲಿಕ್ಕಲ್ಲ. ಯಾರಾದರೂ ಕೇಳಿದರೆ, ಮಕ್ಕಳನ್ನು ಬಿಡಿಸಿ ಪಕ್ಕದ ಕನ್ನಡ ವಿಭಾಗಕ್ಕೆ ಸೇರಿಸಿ ಎಂದು ಹೇಳಬೇಕು ಎಂದೇ ಬಂದೆ. ಕೋಪದಿಂದಲ್ಲ. ಅದೇ ಸರಿ ಎಂದು ನಂಬಿದ್ದೆ. ನಿನ್ನ ಚಿಕ್ಕಮ್ಮ ಎಂದು ಅಲ್ಲಿ ಯಾರಿಗೂ ಹೇಳಲಿಲ್ಲ. ಕಂಪ್ಲಿ ಕಡೆ ಕನ್ನಡ ಟೀಚರಾಗಿದ್ದೆ, ಪಾಠ ನೋಡಲು ಬಂದೆ ಎಂದೆ.

ನಿನ್ನ ಹೊಳೆಮ್ಮ ಮೂರು ಬಾಟಲಿ ಇಟ್ಟುಕೊಂಡು ತುಕ್ಕಿನ ಪಾಠ ಮಾಡಿದಳಲ್ಲ. ಒಂದರಲ್ಲಿ ಒಣ ಮೊಳೆ, ಒಂದರಲ್ಲಿ ನೀರಲ್ಲಿ ಅರ್ಧ ಮುಳುಗಿದ ಮೊಳೆ, ಇನ್ನೊಂದರಲ್ಲಿ ಎಣ್ಣೆ ಹಚ್ಚಿದ ಮೊಳೆ. ಎಲ್ಲ ಇಂಗ್ಲಿಷಿನಲ್ಲೇ ಹೇಳಿದಳು. ಚೆನ್ನಾಗಿಯೇ ಹೇಳಿದಳು. ಗಿಳಿಪಾಠ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ನೀನು ಹೊರಗೆ ಹೋದ ಮೇಲೆ ಪಾಲಯ್ಯ ಎದ್ದು, "ಇಷ್ಟಕ್ಕ ಒಂದು ವರ್ಷ ಬೇಕಾಯ್ತೇನ್ರಿ? ಕಾನ್ವೆಂಟಿನ್ಯಾಗ ಇಷ್ಟೊತ್ತಿಗೆ ಭಾಷಣ ಮಾಡ್ತಿದ್ಲು" ಎಂದ. ನಾಲ್ಕೈದು ಜನ ಹೌದು ಹೌದೆಂದರು.

ನಾನು ಎದ್ದು ಹುಡುಗಿಯನ್ನು ಕರೆದೆ. "ತಂಗಿ, ನೀ ಹೇಳಿದ್ದು ನಿಮ್ಮಜ್ಜಿಗೆ ಒಂದಕ್ಷರ ತಿಳಿಲಿಲ್ಲ. ಆಕಿಗೆ ತಿಳಿಯಂಗ ಹೇಳು ನೋಡೂಣು" ಎಂದೆ. ತಡವರಿಸುತ್ತಾಳೆ, ನನ್ನ ಮಾತೇ ಗೆಲ್ಲುತ್ತದೆ ಎಂದು ಲೆಕ್ಕ ಹಾಕಿದ್ದೆ. ಅವಳು ಬಾಟಲಿ ಎತ್ತಿಕೊಂಡು ಬಂದು ದುರ್ಗಕ್ಕನ ಮುಂದೆ ನೆಲದ ಮೇಲೆ ಕೂತಳು. "ಅಜ್ಜೀ, ಗಾಳಿ ಒಂದೇ ಇದ್ರ ಏನೂ ಆಗಂಗಿಲ್ಲ. ಗಾಳಿ, ನೀರು ಎರಡೂ ಸೇರಿ ಹತ್ತಿದ್ರ ಕಬ್ಬಿಣ ತುಕ್ಕು ಹಿಡಿತೈತಿ. ಎಣ್ಣಿ ಹಚ್ಚಿದ್ರ ಅವೆರಡೂ ಒಳಗ ಹೋಗಾಕ ದಾರಿ ಸಿಗಂಗಿಲ್ಲ. ಅಪ್ಪ ಪೇಂಟ್ ಹೊಡಿತಾನಲ್ಲ, ಅದು ಚೆಂದ ಕಾಣಾಕ ಅಲ್ಲಜ್ಜಿ. ಅಪ್ಪ ಹೊಡಿಲಿಲ್ಲ ಅಂದ್ರ ಕಾರ್ಖಾನಿ ಕಂಬ ಎಲ್ಲ ತುಕ್ಕು ಹಿಡಿದು ಬೀಳ್ತಾವ" ಎಂದಳು.

ಅಷ್ಟೇ ಅಲ್ಲ, ಆಮೇಲೆ ನನ್ನ ಕಡೆ ತಿರುಗಿ ಅಪ್ಪನ ಪೇಂಟಿನ ಮಾತನ್ನು ಇಂಗ್ಲಿಷಿನಲ್ಲೂ ಕಟ್ಟಿ ಹೇಳಿದಳು. ಅದನ್ನು ನೀನು ಕಲಿಸಿರಲಿಲ್ಲ ಎಂದು ಅವಳು ನಿಲ್ಲಿಸಿ ನಿಲ್ಲಿಸಿ ಹುಡುಕಿದ್ದರಲ್ಲೇ ತಿಳಿಯಿತು. ಗಿಳಿ ಹಾಗೆ ಹುಡುಕುವುದಿಲ್ಲ. ಕ್ಯಾಂಪಿನ ನನ್ನ ಮಕ್ಕಳು ಹಾಗೆ ಹುಡುಕುತ್ತಿದ್ದರು. ನನ್ನ ಲೆಕ್ಕ ಅಲ್ಲಿಗೇ ತಪ್ಪಿತು.

ದುರ್ಗಕ್ಕ ಮಗನನ್ನು ನೋಡಿ, "ಇಷ್ಟು ವರ್ಷ ನೀ ಪೇಂಟ್ ಹೊಡಿತೀನಂತ ಅಂದಿ, ಯಾಕಂತ ಹೇಳಲೇ ಇಲ್ಲಲ್ಲೋ" ಎಂದಳು. ಪಾಲಯ್ಯ ಬಾಟಲಿಯೊಂದನ್ನು ಎತ್ತಿ ಒಳಗಿನ ಮೊಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅವನು ನನ್ನನ್ನೇ ಕೇಳಿದ. "ಅಮ್ಮಾ, ನೀವು ಕನ್ನಡ ಟೀಚರು, ಹಿರೇರು. ಬಿಡಿಸ್ಲೋ ಇರಿಸ್ಲೋ ನೀವೇ ಹೇಳ್ರಿ."

ಹೇಳಬೇಕೆಂದುಕೊಂಡು ಬಂದದ್ದು ನಾಲಿಗೆಗೆ ಬರಲಿಲ್ಲ. "ಬಿಡಿಸಬ್ಯಾಡಪ್ಪ" ಎಂದೆ.

ಅವನು ಜಾಣ. ಅಲ್ಲಿಗೆ ಬಿಡಲಿಲ್ಲ. "ಬ್ಯಾರೇರ ಮಕ್ಳಿಗೆ ಯಾರಾರ ಹೇಳ್ತಾರ್ರಿ ಅಮ್ಮಾ. ನಿಮ್ಮ ಮನ್ಯಾಗಿನ ಕೂಸಾಗಿದ್ರ ಈ ಕ್ಲಾಸಿನ್ಯಾಗ ಬಿಡ್ತಿದ್ರೇನು?" ಎಂದ. ಇಡೀ ಕೋಣೆ ನನ್ನ ಮುಖ ನೋಡುತ್ತಿತ್ತು.

"ಬಿಟ್ಟೀನಲ್ಲೋ" ಎಂದೆ. "ಈಗ ನಿಮ್ಮ ಮಕ್ಳಿಗೆ ಪಾಠ ಮಾಡಿ ಹೊರಗ ಹೋದ್ಲಲ್ಲ, ಅದೇ ನಮ್ಮ ಮನ್ಯಾಗಿನ ಕೂಸು."

ನಿನ್ನ ಚಿಕ್ಕಮ್ಮ,
ಮರುಳಸಿದ್ದಮ್ಮ